ಮಲಗೋವಾ ಮತ್ತು ಅವಸರದ ಭಾವಮೈದುನ

ಬೇಗ ಆಗುವ ಯಾವುದನ್ನೂ ನಾನು ನಂಬುವವನಲ್ಲ. ಬೇಗ ಆರುವ ಬಣ್ಣ, ಹೊತ್ತಿಗೆ ಮೊದಲೇ ಬರುವ ಬಸ್ಸು, ಮೊದಲ ಭೇಟಿಯಲ್ಲೇ ಹೆಗಲ ಮೇಲೆ ಕೈ ಹಾಕುವ ಮನುಷ್ಯ, ಇವೆಲ್ಲದರ ಹಿಂದೆ ಏನೋ ಮಸಲತ್ತಿದೆ ಎಂದೇ ನನ್ನ ಗುಮಾನಿ. ಇಂಥ ನನ್ನನ್ನು ದೇವರು ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಮೇಷ್ಟ್ರನ್ನಾಗಿ ಮಾಡಿ, ಊರು ಓಡಲು ಶುರುಮಾಡಿದ ಎಂಬತ್ತರ ದಶಕದಲ್ಲೇ ತಂದು ಕೂರಿಸಿದ. ರಾಗಿ ಹೊಲಗಳಿದ್ದ ಕಡೆ ಕಾರ್ಖಾನೆಗಳು ಎದ್ದವು. ಒಂದು ಸಭೆಯಲ್ಲಿ ಅಧಿಕಾರಿಯೊಬ್ಬರು, ಇಷ್ಟು ದಿನ ನಡೆದದ್ದು ಸಾಕು, ಇನ್ನು ಓಡಬೇಕು, ಓಡಿದರೇ ಬಡತನ ಹಿಂದೆ ಬೀಳುವುದು ಎಂದು ತಮಿಳಿನಲ್ಲಿ ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಊಟದ ಹೊತ್ತು ಮೀರಿದರೂ ಆ ಭಾಷಣ ಮಾತ್ರ ಮುಗಿಯಲಿಲ್ಲ. ನಾನು ಒಂದು ಚಿಟಿಕೆ ನಶ್ಯ ಏರಿಸಿದೆ.

ಆ ಭಾಷಣವನ್ನು ಪೂರ್ತಿ ನಂಬಿದವನು ನನ್ನ ಹೆಂಡತಿಯ ತಮ್ಮ ನಾಗರಾಜ. ಹೊಸ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಮೇಲೆ ಅವನು ಕಾಫಿಯನ್ನೂ ನಿಂತೇ ಕುಡಿಯುತ್ತಿದ್ದ. ಬಾಯಿ ಬಿಟ್ಟರೆ ಸ್ಪೀಡು. ಮನೆಯಲ್ಲಿ ಎಲ್ಲದಕ್ಕೂ ನಾನೇ ಬ್ರೇಕು ಎಂದು ಅವನ ದೂರು.

ನಮ್ಮ ಜಗಳ ಮಾವಿನ ಹಣ್ಣಿನವರೆಗೆ ಬಂತು. ಮಗಳು ಶಾರದೆ ಮದುವೆಗೆ ಮುಂಚೆ ಹಿತ್ತಲಲ್ಲಿ ನೆಟ್ಟಿದ್ದ ಮಲಗೋವಾ ಕಸಿ ಆ ವರ್ಷ ಮೊದಲ ಸಲ ಕಾಯಿ ಬಿಟ್ಟಿತ್ತು. ಬಿಟ್ಟದ್ದು ಒಂದು ಮಂಕರಿಯಷ್ಟೇ. ಧಾರವಾಡದಿಂದ ಬರುವವಳು, ನನ್ನ ಮರದ ಹಣ್ಣು ನನಗೆ ಇಟ್ಟಿರಬೇಕು, ಬೇರೇನೂ ಬೇಡ ಎಂದು ಹೇಳಿಕಳಿಸಿದ್ದಳು. ಕೃಷ್ಣಗಿರಿಯ ಮಂಡಿಗಳಲ್ಲಿ ಕಾಯಿಯನ್ನು ಬೇಗ ಹಣ್ಣು ಮಾಡುವುದನ್ನು ನೋಡಿಬಂದಿದ್ದ ನಾಗರಾಜ ಕಾರ್ಬೈಡ್ ಕಲ್ಲಿನ ಪೊಟ್ಟಣ ಹಿಡಿದು ಹಾಜರಾದ.

"ಇದ ಮಡಗಿದ್ರೆ ಎರಡೇ ದಿನ ಭಾವ, ಬಂಗಾರದಂಗೆ ಆಗ್ಬುಡ್ತದೆ. ನಿಮ್ಮ ಹುಲ್ಲು ನಂಬ್ಕೊಂಡ್ರೆ ಶಾರದೆ ಬಂದು ಹೋಗ್ಬುಟ್ಟಿರ್ತಾಳೆ."

ಬಂಗಾರದ ಹಾಗೆ ಎಂದಮೇಲೆ ನನ್ನ ಗುಮಾನಿ ದುಪ್ಪಟ್ಟಾಯಿತು. ಕೊನೆಗೆ ಹೆಂಡತಿ ಕಾಯಿಗಳನ್ನು ಅರ್ಧರ್ಧ ಮಾಡಿದಳು. ಅವನ ಪಾಲು ಕಲ್ಲಿನ ಜೊತೆ ಪೆಟ್ಟಿಗೆ ಸೇರಿತು. ನನ್ನ ಪಾಲನ್ನು ಭತ್ತದ ಹುಲ್ಲಿನಲ್ಲಿ ಅಡೆ ಹಾಕಿ, ಕೋಣೆಗೆ ಬೀಗ ಜಡಿದು, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡೆ. ಅಡೆ ಹಾಕಿದ ಹಣ್ಣನ್ನು ಮುಟ್ಟಿ ನೋಡಬಾರದು, ಕದಲಿಸಬಾರದು, ಘಮ ಬಂದಾಗ ಮಾತ್ರ ತೆಗೆಯಬೇಕು ಎನ್ನುವುದು ನಮ್ಮಪ್ಪನ ಕಾಲದ ಕ್ರಮ. ದಿನವೂ ಬಾಗಿಲ ಸಂದಿಗೆ ಮೂಗಿಟ್ಟೆ. ಘಮ ಬರಲಿಲ್ಲ.

ಹೆಂಡತಿ ಮಾತ್ರ, ಘಮ ನಡುಮನೆವರೆಗೂ ಬತ್ತದೆ, ತೆಗೀರಿ ಅಂದಳು. ತಮ್ಮನ ಸ್ಪೀಡು ಅಕ್ಕನಿಗೂ ಅಂಟಿತು ಎಂದುಕೊಂಡೆ. ಪಕ್ಕದ ಮನೆಯವರೂ ಏನು ಮಾವಿನ ಘಮ ಎಂದು ಕೇಳಿದರು. ಅವರನ್ನೂ ನಾಗರಾಜನೇ ಕಳಿಸಿದ್ದಾನೆ ಎಂದು ಅನುಮಾನಿಸಿ, ಇನ್ನೊಂದು ಚಿಟಿಕೆ ನಶ್ಯ ಏರಿಸಿದೆ.

ಶಾರದೆ ಬಂದ ದಿನ ಬೀಗ ತೆಗೆದೆ. ಮನೆಯವರೆಲ್ಲ ಸೆರಗು, ಟವಲು ಮೂಗಿಗೆ ಹಿಡಿದರು. ಹುಲ್ಲಿನೊಳಗೆ ಕೈ ಹಾಕಿದರೆ ಕೈಗೆ ಹತ್ತಿದ್ದು ರಸ. ಒಂದು ಹಣ್ಣೂ ಇಡಿಯಾಗಿ ಉಳಿದಿರಲಿಲ್ಲ. ನನಗೆ ಅಳುವೇ ಬಂತು. ಅವಳು ಕೇಳಿದ್ದು ಅದೊಂದೇ.

ನಾಗರಾಜನ ಹಣ್ಣು ಹೊರಗೆ ಬಂಗಾರ, ಒಳಗೆ ಹುಣಿಸೆ. ಶಾರದೆ ಸಕ್ಕರೆ ಅದ್ದಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು ತಿಂದಳು.

"ಮಾವಂದು ಹಣ್ಣಾಗೋಕೆ ಮುಂಚೆ ಬಂತು, ನಿಂದು ಹಣ್ಣಾಗಿ ಹೋದ್ಮೇಲೆ ಬಂತು" ಅಂದಳು. "ನಾನು ಬರೋ ಹೊತ್ತಿಗೆ ಯಾರೂ ಇಡ್ಲಿಲ್ವಲ್ಲಪ್ಪ."

ನಾನೂ ನಾಗರಾಜನೂ ಮೊದಲ ಸಲ ಒಟ್ಟಿಗೆ ತಲೆ ತಗ್ಗಿಸಿದೆವು. ಸ್ಪೀಡಿನ ಮೇಲಿನ ನನ್ನ ಗುಮಾನಿ ಇಂದಿಗೂ ಹೋಗಿಲ್ಲ. ಆದರೆ ಅಡೆ ಕೋಣೆಯ ಕೀಲಿ ಹೆಂಡತಿಯ ಸೊಂಟ ಸೇರಿದೆ. ಹಣ್ಣು ಯಾವಾಗ ತೆಗೆಯಬೇಕೆಂದು ಹೇಳುವುದು ಈಗ ಅವಳ ಮೂಗು. ನಶ್ಯ ಏರಿಸಿ ಏರಿಸಿ ಸತ್ತ ನನ್ನದು ಕನ್ನಡಕ ಹೊರುವುದಕ್ಕೆ ಮಾತ್ರ.