ಹೈಬ್ರಿಡ್ ಸೂರ್ಯಕಾಂತಿ ಮತ್ತು ಪಾಲಹಳ್ಳಿಯ ಬೀಗರು

ಬಿತ್ತನೆ ಬೀಜ ಹಂಚೋನಿಗೆ ನಗು ಹುಡುಕಿಕೊಂಡು ಹೋಗೋ ಕಷ್ಟ ಇಲ್ಲ, ಅದು ಸೈಕಲ್ ಕ್ಯಾರಿಯರ್ ಮೇಲೆ ಕೂತು ಜೊತೆಗೇ ಬರುತ್ತೆ. ತೊಂಬತ್ತರ ದಶಕದಲ್ಲಿ ನಾನು ಕೆ.ಆರ್. ಪೇಟೆ ಕಡೆ ಕೃಷಿ ಸಹಾಯಕ. ಹೈಬ್ರಿಡ್ ಸೂರ್ಯಕಾಂತಿ ಬೆಳೀರಿ ಅಂತ ಊರೂರು ಅಲೆದೆ. ಸಿಂಧಘಟ್ಟದ ಗೌಡರೊಬ್ಬರು ಮಾತ್ರ ಆಗಲಿ, ನೋಡೇಬುಡವ ಅಂದರು.

ಬಣ್ಣ

ಪಾಕೀಟಿನ ಬೀಜಕ್ಕೆ ರೋಗ ತಗಲದಿರಲಿ ಅಂತ ಗುಲಾಬಿ ಬಣ್ಣದ ಔಷಧಿ ಹಚ್ಚಿರುತ್ತೆ. ಬಿತ್ತೋ ದಿನ ಹೋಗಿ ನೋಡಿದರೆ, ಗೌಡರ ತಾಯಿ, ಆ ಅಜ್ಜಿ, ಅಷ್ಟನ್ನೂ ತಿಕ್ಕಿ ತೊಳೆದು ಮೊರದಲ್ಲಿ ಒಣಗಹಾಕಿದೆ! ಅದು ವಿಷ, ಮೊದಲು ಕೈಗೆ ಸೋಪು ಹಾಕಜ್ಜಿ ಅಂದೆ.

"ಬಣ್ಣ ಮೆತ್ತವ್ರೆ ಅಂದ್ರೆ ಒಳಗೇನೋ ಐಬದೆ ಕಣಪ್ಪ" ಅಂತು ಅಜ್ಜಿ, ಕೈ ತೊಳೀತಾ.

ಇನ್ನೊಂದು ಪಾಕೀಟು ತಂದು, ಬಿತ್ತಿ ಮುಗಿಯೋವರೆಗೂ ನಾನೇ ಕಾವಲು ಕೂತೆ.

ಮುಖ ಒರೆಸೋದು

ಹೂ ಅರಳಿದಾಗ ಮೆತ್ತನೆ ಬಟ್ಟೆಯಲ್ಲಿ ಒಂದೊಂದನ್ನೂ ಸವರಿದರೆ ಕಾಳು ಚೆನ್ನಾಗಿ ಕಟ್ಟುತ್ತೆ. ಗೌಡರು ಹೆಂಡತಿಯ ಹಳೇ ಸೀರೆ ಹರಿದುಕೊಂಡು ಹೊಲಕ್ಕಿಳಿದರು. ಅದು ಹಳೇದಲ್ಲ ಅಂತ ಆಮೇಲೆ ಗೊತ್ತಾಯಿತು. ಆಯಮ್ಮ ಬದುವಿನ ಮೇಲೆ ನಿಂತು ನನಗೆ ಕೇಳೋ ಹಾಗೆ ಅಂದರು: "ಮಕ್ಳ ಮೂಗು ಒಂದಿನ ಒರೆಸ್ನಿಲ್ಲ, ಈಗ ಹೂವಿನ ಮುಖ ಒರೆಸ್ತಾವ್ರೆ."

ಬೀಗರು

ಬೆಳೆ ಬಂತು ನೋಡಿ, ಒಂದೊಂದು ಹೂವೂ ಊಟದ ತಟ್ಟೆಯಷ್ಟು! ಇದರ ಬೀಜ ಮತ್ತೆ ಬಿತ್ತಬೇಡಿ, ಎರಡು ತಳಿ ಕೂಡಿಸಿದ ಕಸುವು ಮೊದಲ ಬೆಳೆಗೇ ಸರಿ, ಆಮೇಲೆ ಹೊಸ ಪಾಕೀಟೇ ಆಗಬೇಕು ಅಂತ ಬಡಕೊಂಡೆ. ಆದರೆ ಒಳ್ಳೇ ಬೆಳೆಯ ಬಿತ್ತನೆಯನ್ನ ಮಗಳ ಮನೆಗೆ ಕೊಡೋದು ಅವರ ಪದ್ಧತಿ. ಗೌಡರು ದೊಡ್ಡ ಹೂಗಳ ಬೀಜ ಆರಿಸಿ ಪಾಲಹಳ್ಳಿಯ ಬೀಗರಿಗೆ ಕೊಟ್ಟೇಬಿಟ್ಟರು.

ಆ ಬೀಜ ಬೆಳೆದು ಹೂ ಬಿಡೋ ಹೊತ್ತಿಗೆ ಅದೇ ಬೀಗರು ಗೌಡರ ಎರಡನೇ ಮಗಳನ್ನೂ ತಮ್ಮ ಕಿರಿಮಗನಿಗೆ ಕೇಳೋಕೆ ಬರೋರಿದ್ದರು. ಬಂದರು, ಮುಖ ಗಂಟಿಕ್ಕಿಕೊಂಡು. ಆವತ್ತು ನಾನೂ ಗೌಡರ ಮನೇಲೇ ಇದ್ದೆ. ಅವರ ಹೊಲದಲ್ಲಿ ಒಂದು ಗಿಡ ಆಳುದ್ದ, ಒಂದು ಮೊಣಕಾಲುದ್ದ, ಇನ್ನೊಂದಕ್ಕೆ ಅಂಗಿ ಗುಂಡಿಯಷ್ಟು ಹೂ. ಸಂಬಂಧ ತಪ್ಪಿಹೋಯಿತು ಅಂತ ಗೌಡರ ಮುಖ ಬಾಡಿತು. ಪಾಪ ಅನ್ನಿಸಿ ನಾನೇ ಬಾಯಿ ಹಾಕಿದೆ. ತಪ್ಪು ಗೌಡರದಲ್ಲ, ಹೈಬ್ರಿಡ್ಡೇ ಹಾಗೆ, ಮೊದಲ ಸಲ ಬಂದ ಹಾಗೆ ಎರಡನೇ ಸಲ ಬರಲ್ಲ ಅಂದೆ.

ಬೀಗರು ಯೋಚನೆಗೆ ಬಿದ್ದರು. "ಅಂಗಾದ್ರೆ ಸಾ, ದೊಡ್ಡ ಸೊಸೆ ಚಿನ್ನದಂಥೋಳು. ಇದೇ ಮನೆಯಿಂದ ಎರಡನೇದ್ನೂ ತಂದ್ರೆ?"

ಮೂಲೆಯಲ್ಲಿ ಅಜ್ಜಿ ಎಲೆಅಡಿಕೆ ಕುಟ್ಟೋದು ನಿಲ್ಲಿಸಿತು.

"ನಮ್ಮ ಎಣ್ಮಕ್ಳೇನು ಪಾಕೀಟಲ್ಲಿ ಬಂದೋರಾ? ಮನೇ ಬಿತ್ತನೆ ಕಣಪ್ಪ, ಬಣ್ಣ ಮೆತ್ತಿಲ್ಲ."

ಬೀಗರು ನಕ್ಕುಬಿಟ್ಟರು, ಅಲ್ಲೇ ತಾಂಬೂಲವೂ ಆಯಿತು. ಮದುವೆ ದಿನ ಹುಡುಗಿಗೆ ಪೌಡರು ಹಚ್ಚೋಕೆ ಬಂದವರನ್ನ ಅಜ್ಜಿ ಬಾಗಿಲಲ್ಲೇ ತಡೆದು ವಾಪಸ್ಸು ಕಳಿಸಿತಂತೆ.