ಬೆಳ್ಳುಳ್ಳಿ ಅಣಬೆಯ ವಿಚಾರಣೆ

ಮೈಕಣ್ಣ ತನ್ನ ಹೆಂಡತಿಗೆ ಒಂದು ಊಟ ಬಾಕಿ ಇಟ್ಟಿದ್ದಾನೆ. ಇಪ್ಪತ್ತೆರಡು ವರ್ಷವಾಯಿತು, ಇನ್ನೂ ತೀರಿಸಿಲ್ಲ. ಇಂಥ ಬಾಕಿಯನ್ನು ಯಾವನಾದರೂ ಮಾಲೀಕ ಕೆಲಸಗಾರರಿಗೆ ಇಟ್ಟುಕೊಂಡಿದ್ದರೆ ಮೈಕಣ್ಣ ಅವನ ಮನೆಮುಂದೆ ಟೆಂಟು ಹಾಕಿ ಕೂತು ನಿದ್ದೆ ಕೆಡಿಸಿರುತ್ತಿದ್ದ.

ಹೊಟ್ಟೆಪಾಡಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಉಳಿದ ಹೊತ್ತಿನಲ್ಲಿ ಕೆಲಸಗಾರರ ಸಂಘದ ಅಧ್ಯಕ್ಷ. ಮೈಕಿಲ್ಲದೆ ಮೂರು ಬೀದಿಗೆ ಕೇಳಿಸುವ ಗಂಟಲು ಇರುವುದರಿಂದ ಆ ಹೆಸರು. ಮದುವೆಯ ಹೊಸತರಲ್ಲಿ, ರಕ್ತ ಬಿಸಿಯಿದ್ದಾಗ, ಹೆಂಡತಿಗೆ ಮಾತು ಕೊಟ್ಟಿದ್ದ: ನಾಲ್ಕು ರಸ್ತೆ ಸೇರುವ ಮೂಲೆ ಹೋಟೆಲಿನಲ್ಲಿ, ಮುಂದಿನ ಹಾಲಿನಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ನಿನ್ನನ್ನು ಕೂರಿಸಿ ಬೆಳ್ಳುಳ್ಳಿ ಅಣಬೆ ತಿನ್ನಿಸುತ್ತೇನೆ ಅಂತ. ಬೆಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿ ಹುರಿದ ಅಣಬೆ. ಆ ಹೋಟೆಲು ಹೆಸರು ಮಾಡಿದ್ದೇ ಅದರಿಂದ. ಮದುವೆಗೆ ಮುಂಚೆ ಹೆಂಡತಿ ಅದೇ ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. (ಇದನ್ನು ಮೈಕಣ್ಣ ಯಾವ ಭಾಷಣದಲ್ಲೂ ಬಿಡುವುದಿಲ್ಲ. "ನನ್ನ ಹೆಂಡತಿ ಆ ಹೋಟೆಲಿನ ಎಂಜಲು ತಟ್ಟೆ ತೊಳೆದವಳು" ಅನ್ನುತ್ತಿದ್ದ ಹಾಗೆ ಚಪ್ಪಾಳೆ ಬೀಳುತ್ತದೆ. ಹೆಂಡತಿ ಮಾತ್ರ ಆ ಹೊತ್ತಿಗೆ ಸರಿಯಾಗಿ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಾಳೆ. ನಾಚಿಕೆ ಸ್ವಭಾವ ಅಂತ ಮೈಕಣ್ಣನ ಲೆಕ್ಕ.)

ಮೊದಲ ಕೆಲವು ವರ್ಷ ಕೈಯಲ್ಲಿ ಕಾಸಿರಲಿಲ್ಲ. ಆಮೇಲೆ ಕಾಸಿತ್ತು, ಪುರುಸೊತ್ತಿರಲಿಲ್ಲ. ಈಗ ಎರಡೂ ಒಟ್ಟಿಗೆ ಬರುವ ಹೊತ್ತಿಗೆ ಹೋಟೆಲಿಗೇ ಬಹಿಷ್ಕಾರ ಬಿದ್ದಿದೆ. ಅಡಿಗೆಮನೆಯ ಒಂಬತ್ತು ಜನ ಮಾಲೀಕನ ಹತ್ತಿರ ಹೋಗಿ, ದಿನವಿಡೀ ನಿಂತು ಕಾಲು ಊದುತ್ತದೆ, ಹತ್ತು ನಿಮಿಷ ಕೂರೋದಕ್ಕೆ ಒಂದು ಬೆಂಚು ಹಾಕಿಸಿ ಅಂದರು. ಮಾಲೀಕ ಒಂಬತ್ತು ಜನರನ್ನೂ ಮನೆಯಲ್ಲೇ ಕೂರಿಸಿದ. ನಾಲ್ಕು ತಿಂಗಳಿಂದ ಸಂಘದವರಾರೂ ಆ ಹೋಟೆಲಿನ ಮೆಟ್ಟಿಲು ತುಳಿದಿಲ್ಲ, ಅಲ್ಲಿಂದ ಪಾರ್ಸೆಲ್ ತರಿಸಿಲ್ಲ. "ನಿಂತವರಿಗೆ ಕೂರಲು ಜಾಗ ಕೊಡಿ" ಅನ್ನುವ ಘೋಷಣೆ ಬರೆದವನು ಮೈಕಣ್ಣ. ಬಹಿಷ್ಕಾರ ಮುರಿದವರಿಗೆ ಶಿಕ್ಷೆ ಹುಡುಕಿಕೊಟ್ಟವನೂ ಅವನೇ.

ಆ ಶಿಕ್ಷೆ ಏನು ಅಂದರೆ, ತಟ್ಟೆ. ಬೈಗುಳವಿಲ್ಲ, ಹೊಡೆತವಿಲ್ಲ. ತಪ್ಪು ಮಾಡಿದವನು ಮನೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಸಂಘದ ಹತ್ತು ಜನ ಅವನ ಹಿಂದೆ ಖಾಲಿ ತಟ್ಟೆ ಬಡಿಯುತ್ತ ನಡೆಯುತ್ತಾರೆ. ಒಂದು ಮಾತು ಆಡುವುದಿಲ್ಲ. ಟಣ್, ಟಣ್, ಟಣ್. ಏಳು ದಿನ. ನೆಂಟರು ಬಂದರು ಅಂತ ಕ್ಷೌರದಂಗಡಿಯವನು ಒಂದೇ ಒಂದು ಪಾರ್ಸೆಲ್ ತಂದಿದ್ದ. ಐದನೆಯ ದಿನ ಕೈ ನಡುಗಿ ಗಿರಾಕಿಯೊಬ್ಬನ ಅರ್ಧ ಮೀಸೆ ಹಾರಿಸಿದ. ಆರನೆಯ ದಿನ ಅಂಗಡಿಗೆ ಬೀಗ ಜಡಿದು ಅತ್ತೆಮನೆಗೆ ಹೋದವನು ಇನ್ನೂ ಈ ಕಡೆ ತಲೆ ಹಾಕಿಲ್ಲ. ಲಾಠಿಗೆ ಬೆನ್ನು ಕೊಟ್ಟವನು, ಲಾಕಪ್ಪಿನಲ್ಲಿ ಗೊರಕೆ ಹೊಡೆದವನು ಮೈಕಣ್ಣ. ಆದರೆ ಅವತ್ತಿನಿಂದ ಅಡಿಗೆಮನೆಯಲ್ಲಿ ತಟ್ಟೆಗೆ ತಟ್ಟೆ ತಾಗಿದರೂ ಅವನ ಎದೆ ಒಂದು ಸಲ ಧಸಕ್ಕನ್ನುತ್ತದೆ.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಸೊಪ್ಪು ಬಿಡಿಸುತ್ತ, ಯಾರಿಗೂ ಅಲ್ಲದ ಹಾಗೆ, "ಇಪ್ಪತ್ತೆರಡಾಯ್ತು" ಅಂದಳು. ಏನು ಇಪ್ಪತ್ತೆರಡು ಅಂತ ಕೇಳುವಷ್ಟು ದಡ್ಡನಲ್ಲ ಮೈಕಣ್ಣ. ಪತ್ರಿಕೆ ಮಡಚಿಟ್ಟು, ಇವತ್ತೇ ತೀರಿಸುತ್ತೇನೆ, ಹೋಟೆಲಿಗೆ ಹೋಗಬಾರದು ತಾನೆ, ಹೋಟೆಲನ್ನೇ ಮನೆಗೆ ತರುತ್ತೇನೆ, ಆ ಅಣಬೆಯನ್ನು ನಾನೇ ನನ್ನ ಕೈಯಾರೆ ಮಾಡುತ್ತೇನೆ ಅಂತ ಘೋಷಿಸಿದ. ಹೆಂಡತಿ ಸೊಪ್ಪಿನಿಂದ ತಲೆಯೆತ್ತಿ ಅವನನ್ನು ನೋಡಿದಳು. "ಮಾಡಿ" ಅಂದಳು.

ಮಾಡುವ ಕ್ರಮ ಆಗಲೇ ಅವನ ಜೇಬಿನಲ್ಲಿತ್ತು. ಕೆಲಸ ಕಳೆದುಕೊಂಡ ಒಂಬತ್ತು ಜನರಲ್ಲಿ ಹಿರಿಯನಾದ ಅಡಿಗೆಯವನ ಹತ್ತಿರ ಹಿಂದಿನ ವಾರ ಹೋಗಿ, ಮನವಿಪತ್ರಕ್ಕೆ ಬೇಕು, ನಿನ್ನ ಶ್ರಮದ ಕೌಶಲವನ್ನು ಸವಿವರವಾಗಿ ದಾಖಲಿಸಬೇಕು ಅಂತ ಗಂಭೀರವಾಗಿ ಹೇಳಿ ಬರೆಸಿಕೊಂಡಿದ್ದ. ಹಾಗಾಗಿ ಅದು ಮನವಿಪತ್ರದ ಹಾಗೇ ಇತ್ತು. ಒಂದು: ಅಣಬೆಯನ್ನು ತೊಳೆಯತಕ್ಕದ್ದಲ್ಲ, ಒರೆಸತಕ್ಕದ್ದು. ಎರಡು: ಬೆಳ್ಳುಳ್ಳಿಯನ್ನು ಜಜ್ಜತಕ್ಕದ್ದು, ಕೊಚ್ಚತಕ್ಕದ್ದಲ್ಲ. ಕಡೆಯಲ್ಲಿ ಅಡಿಗೆಯವನು, ಇನ್ನೊಂದಿದೆ ಮೈಕಣ್ಣ, ಅದನ್ನು ಮಾತ್ರ ಹೇಳೋದಿಲ್ಲ, ಅದನ್ನು ಕಲಿಸಿದವರಿಗೆ ಮಾತು ಕೊಟ್ಟಿದ್ದೀನಿ ಅಂದಿದ್ದ. ಮೈಕಣ್ಣ ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

ಹೆಂಡತಿ ಒಲೆ ಹಚ್ಚಿಕೊಟ್ಟಳು, ಬೇಕಾದ್ದನ್ನೆಲ್ಲ ಎದುರಿಗೆ ಜೋಡಿಸಿಟ್ಟಳು. ಬಾಣಲೆಗೆ ಬೆಣ್ಣೆ ಬಿತ್ತು, ಬೆಳ್ಳುಳ್ಳಿ ಬಿತ್ತು. ಚುರ್ ಅಂತ ಎದ್ದ ಮೊದಲ ಘಮ ಮೂಗಿಗೆ ಬಡಿದದ್ದೇ ತಡ, ಮೈಕಣ್ಣ ಸೌಟು ಬಿಟ್ಟು ಹಿಂದಕ್ಕೆ ಸರಿದ.

ಅದು ಮೂಲೆ ಹೋಟೆಲಿನದೇ ವಾಸನೆ.

ಕೆಟ್ಟರೆ ಹೆಂಡತಿ ನಗುತ್ತಾಳೆ ಅನ್ನುವುದೊಂದೇ ಅವನಿಗಿದ್ದ ಯೋಚನೆ. ಚೆನ್ನಾಗಿ ಆಗಿಬಿಟ್ಟರೆ ಏನು ಗತಿ ಅನ್ನುವುದು ಹೊಳೆದೇ ಇರಲಿಲ್ಲ. ಮೇಲಿನ ಮನೆಯಲ್ಲಿರುವುದು ದರ್ಜಿ ಅಕ್ಕ, ಸಂಘದ ಕಾರ್ಯದರ್ಶಿ. ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಕಣ್ಣು ಮಂಜಾದರೂ ಮೂಗು ಮಾತ್ರ ಇನ್ನೂ ಹದಿನಾರರದು. ಕ್ಷೌರದವನ ಪಾರ್ಸೆಲ್ಲನ್ನು ಮೂಸಿ ಹಿಡಿದದ್ದೇ ಅವಳು. ಮೈಕಣ್ಣ ಅಣಬೆಯನ್ನು ಬಾಣಲೆಗೆ ಸುರಿದು, ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದ. ಬಾಗಿಲ ಸಂದಿಗೆ ಟವೆಲು ತುರುಕಿದ. ಆದರೂ ಸಮಾಧಾನವಾಗದೆ, ವಾಸನೆ ಎಲ್ಲಿಯವರೆಗೆ ಹೋಗುತ್ತದೆ ಅಂತ ಅಳೆಯಲು ಬೀದಿಗೇ ಇಳಿದ.

ಆ ಬೀದಿಯಲ್ಲಿ ಒಬ್ಬ ಸಂಘದ ಅಧ್ಯಕ್ಷ ನಾಯಿಯ ಹಾಗೆ ಮೂಗೆತ್ತಿಕೊಂಡು ಕಂಬದಿಂದ ಕಂಬಕ್ಕೆ ಓಡಾಡಿದ್ದು ಅದೇ ಮೊದಲು. ಮೊದಲನೆಯ ಕಂಬದ ಹತ್ತಿರ ಇತ್ತು. ಎರಡನೆಯದರ ಹತ್ತಿರ ಇತ್ತು. ಇಸ್ತ್ರಿ ಅಂಗಡಿಯ ಹತ್ತಿರ ಸ್ವಲ್ಪ ಕಮ್ಮಿಯಾಗಿ, ತಿರುವಿನಲ್ಲಿ ಮತ್ತೆ ಜೋರಾಯಿತು. ಎಲ್ಲಿ ನಿಂತರೂ ಬೆಳ್ಳುಳ್ಳಿ. ವಾಸನೆ ತನ್ನ ಅಂಗಿಗೇ ಅಂಟಿದೆ ಅಂತ ಅವನಿಗೆ ತಿಳಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು.

ಬಾಣಲೆಯ ನೆನಪಾಗಿ ಎದ್ದು ಬಿದ್ದು ಓಡಿಬಂದ. ಒಲೆ ಆರಿತ್ತು. ಬಾಣಲೆಯಲ್ಲಿ ಅಣಬೆಗಳು ಬೆಣ್ಣೆಯಲ್ಲಿ ಮಿಂದು ಹೊನ್ನಿನ ನಾಣ್ಯಗಳ ಹಾಗೆ ಮಿನುಗುತ್ತಿದ್ದವು. ಹೆಂಡತಿ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲಿ ನಿಂತಿದ್ದಳು. ಮೈಕಣ್ಣ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದ. ತನ್ನ ಕೈಯಲ್ಲಿ ಇಂಥ ವಿದ್ಯೆ ಇತ್ತೆ, ಇಷ್ಟು ವರ್ಷ ಬಸ್ಸಿನ ಗ್ರೀಸಿನಲ್ಲಿ ಅದನ್ನು ಹಾಳುಮಾಡಿದೆನೆ ಅಂತ ಮರುಗಿದ. ಕೂತ. ಹೆಂಡತಿ ಬಡಿಸಿದಳು. ತಿಂದ. ಮತ್ತೆ ಬಡಿಸಿದಳು. ನೀನೂ ತಿನ್ನು ಅಂತ ನಡುವೆ ಒಂದು ಸಲ ಅಂದದ್ದು ನಿಜ. "ನೀವು ತಿನ್ನಿ" ಅಂದಳು. ಬಾಣಲೆಯ ತಳದಲ್ಲಿ ನಾಲ್ಕು ಅಣಬೆ ಉಳಿದಾಗ, ಅಂತೂ ಬಾಕಿ ತೀರಿತು ಅಂತ ತೇಗಿದ.

ತೇಗು ಮುಗಿಯುವ ಮೊದಲೇ ಬಾಗಿಲು ಬಡಿದ ಸದ್ದಾಯಿತು.

"ಮೈಕಣ್ಣ, ಪಾರ್ಸೆಲ್ ಬಿಸಿ ಇತ್ತಾ?" ದರ್ಜಿ ಅಕ್ಕ ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ಕೇಳಿದಳು.

ಪಾರ್ಸೆಲ್ ಅಲ್ಲ, ನಾನೇ ಮಾಡಿದ್ದು ಅಂತ ಮೈಕಣ್ಣ ಹೇಳಿದ. ಮೂರು ಬೀದಿಗೆ ಕೇಳಿಸುವ ಗಂಟಲು ಹೊಸ್ತಿಲವರೆಗೂ ತಲುಪಲಿಲ್ಲ. ದರ್ಜಿ ಅಕ್ಕ ಅವನನ್ನು ಕಾಲಿನಿಂದ ತಲೆಯವರೆಗೆ ಅಳತೆ ತೆಗೆದುಕೊಂಡಳು. ಸಿಕ್ಕಿಬಿದ್ದ ದಿನ ಕ್ಷೌರದವನೂ ಇದೇ ಹೇಳಿದ್ದ, ಅದಕ್ಕೆ ನೀವೇ ಏನು ಹೇಳಿದಿರಿ ನೆನಪಿದೆಯಾ ಅಂತ ಕೇಳಿದಳು. ನೆನಪಿತ್ತು. "ಕಳ್ಳನ ಅಡಿಗೆಮನೆಯಲ್ಲಿ ಮಾತ್ರ ಹೋಟೆಲಿನ ರುಚಿ ಬರೋದು" ಅಂದಿದ್ದ ಮೈಕಣ್ಣ. ಅವತ್ತು ಅದಕ್ಕೂ ಚಪ್ಪಾಳೆ ಬಿದ್ದಿತ್ತು.

ಒಂದು ಗಂಟೆಯೊಳಗೆ ಸಮಿತಿ ಬಂತು. ಏಳು ಜನ, ಏಳು ತಟ್ಟೆ. ತಟ್ಟೆಗಳನ್ನು ಗೋಡೆಗೆ ಒರಗಿಸಿಟ್ಟು ನೆಲದ ಮೇಲೆ ಕೂತರು. ಅವರಲ್ಲಿ ಹಿರಿಯ ಅಡಿಗೆಯವನೂ ಇದ್ದ. ಯಾರೂ ಜೋರು ಮಾಡಲಿಲ್ಲ. ಮೂವತ್ತು ವರ್ಷ ಬೆವರು ಸುರಿಸಿ ಕಟ್ಟಿದ ಹೆಸರು ಈಗ ನಾಲ್ಕು ಅಣಬೆಯ ಕೈಯಲ್ಲಿತ್ತು. ಅಧ್ಯಕ್ಷನೇ ಬಹಿಷ್ಕಾರ ಮುರಿದ ಅನ್ನುವುದು ಹಬ್ಬಿದರೆ ಒಂಬತ್ತು ಜನರ ಬೆಂಚೂ ಹೋಯಿತು, ತನ್ನ ಮುಖವೂ ಹೋಯಿತು. ನಾಳೆ ಡಿಪೋಗೆ ಹೋಗುವಾಗ ಹಿಂದೆ ಟಣ್ ಟಣ್ ಅನ್ನುತ್ತ ಬರುವವರನ್ನು ನೆನೆದು ಅವನಿಗೆ ಕೂತಲ್ಲೇ ಬೆವರಿಳಿಯಿತು.

ಬಾಣಲೆಯಲ್ಲಿ ಉಳಿದದ್ದರಲ್ಲಿ ಒಂದನ್ನು ಅಡಿಗೆಯವನು ಬಾಯಿಗೆ ಹಾಕಿಕೊಂಡ. ಅಗಿದ. ಅಗಿಯುವುದನ್ನು ನಿಲ್ಲಿಸಿದ. ತಲೆಯೆತ್ತಿ ಮೈಕಣ್ಣನ ಹೆಂಡತಿಯನ್ನು ನೋಡಿದ. ಅವಳು ಕಣ್ಣಲ್ಲೇ ಏನೋ ಅಂದಳು. (ಅಯ್ಯೋ, ಇವಳೂ ಅವರ ಕಡೆ ಸೇರಿಕೊಂಡಳು ಅಂತ ಮೈಕಣ್ಣನ ಜೀವ ಬಾಯಿಗೆ ಬಂತು.) ಅಡಿಗೆಯವನು ಮೀಸೆ ಒರೆಸಿಕೊಂಡು, "ರುಚಿ ನಮ್ಮದೇ. ಆದರೆ ಮೈಕಣ್ಣ ಮಾಡಿದ್ದು ಅಂತಾರಲ್ಲ, ನಮ್ಮೆದುರಿಗೆ ಇನ್ನೊಂದು ಸಲ ಮಾಡಲಿ" ಅಂದ.

ಹುರಿಯದೆ ಉಳಿದಿದ್ದ ಹಸಿ ಅಣಬೆ ಬಂತು. ಏಳು ಜನ ಅಡಿಗೆಮನೆಯ ಬಾಗಿಲಲ್ಲಿ ಕುತ್ತಿಗೆ ಚಾಚಿ ನಿಂತರು. ಮೈಕಣ್ಣ ಒಲೆಯ ತಿರುಪನ್ನು ತಿರುಗಿಸಿದ, ಹತ್ತಲಿಲ್ಲ. ಬಸ್ಸಿನ ಇಂಜಿನ್ನು ಬಿಚ್ಚಿ ಜೋಡಿಸುವ ಕೈ ಒಂದು ಒಲೆಯ ಮುಂದೆ ಸೋತಿತು. ಎಡಗಡೆಯದನ್ನು ಒತ್ತಿ ಹಿಡಿದು ತಿರುಗಿಸಬೇಕು ಅಂತ ಹೆಂಡತಿ ಹೇಳಿದಳು. ಹತ್ತಿತು. ಬಾಣಲೆ ಹಿಡಿಯುವ ಬಟ್ಟೆ ಎಲ್ಲಿ ಅಂತ ಕೇಳಿದ. ಬೆಣ್ಣೆ ಎಲ್ಲಿ ಅಂತ ಕೇಳಿದ. ಒಂದೊಂದು ಪ್ರಶ್ನೆಗೂ ದರ್ಜಿ ಅಕ್ಕ ಟಿಪ್ಪಣಿ ಪುಸ್ತಕದಲ್ಲಿ ಒಂದೊಂದು ಗೆರೆ ಎಳೆದಳು. ಬೆಳ್ಳುಳ್ಳಿ ಕರಿಯಾಗತೊಡಗಿತು. ಮೈಕಣ್ಣ ಗಾಬರಿಯಲ್ಲಿ ಡಬ್ಬಿಗಳ ಸಾಲಿನ ಮೇಲೆ ಕೈಯಾಡಿಸುತ್ತ, ಕೇಳಬಾರದ್ದನ್ನು ಕೇಳಿಯೇಬಿಟ್ಟ.

"ಉಪ್ಪು ಎಲ್ಲಿದೆ?"

ದರ್ಜಿ ಅಕ್ಕ ಪುಸ್ತಕ ಮುಚ್ಚಿದಳು. "ಬರ್ಕೊಳ್ಳೋದಕ್ಕೆ ಇನ್ನೇನೂ ಇಲ್ಲ. ಉಪ್ಪು ಎಲ್ಲಿದೆ ಅಂತ ಗೊತ್ತಿಲ್ಲದವರು ಬೆಳಿಗ್ಗೆ ಅಡಿಗೆ ಮಾಡಿದರಂತೆ."

ಬಾಣಲೆಯಲ್ಲಿ ಅಣಬೆ ಇದ್ದಿಲಾಯಿತು. ಒಬ್ಬೊಬ್ಬರಾಗಿ ಗೋಡೆಯ ಕಡೆ ಹೋಗಿ ತಟ್ಟೆ ಎತ್ತಿಕೊಂಡರು. ಮೈಕಣ್ಣ ಕಣ್ಣು ಮುಚ್ಚಿಕೊಂಡ.

ಆಗ ಅಡಿಗೆಯವನು ಕೆಮ್ಮಿದ. ಇದು ಪಾರ್ಸೆಲ್ ಅಲ್ಲ, ಆಗುವುದಕ್ಕೆ ಸಾಧ್ಯವೂ ಇಲ್ಲ ಅಂದ. ಅಲ್ಲಿಯ ಒಲೆ ಬಲ್ಲವರು ಒಂಬತ್ತೂ ಜನ ಹೊರಗಿದ್ದೇವೆ, ನಾಲ್ಕು ತಿಂಗಳಿಂದ ಆ ಹೋಟೆಲಿನಲ್ಲಿ ಗಿರಾಕಿಗೆ ಸಿಗುವುದು ಬೇಯಿಸಿದ ಚಪ್ಪಲಿ, ಅಷ್ಟೂ ತಿಳಿಯದೆ ತಟ್ಟೆ ತಂದಿದ್ದೇವಲ್ಲ ಅಂದ. ಸಮಿತಿ ಪೆಚ್ಚಾಗಿ ಮುಖ ಮುಖ ನೋಡಿಕೊಂಡಿತು. ಮೈಕಣ್ಣನಿಗೆ ಹೋದ ಜೀವ ಅರ್ಧ ಬಂತು. ಮಿಕ್ಕರ್ಧ ಬರುವ ಮೊದಲು ಅಡಿಗೆಯವನು ಹೆಂಡತಿಯ ಕಡೆ ತಿರುಗಿದ.

"ಇಳಿಸೋ ಮುಂಚೆ ಒಂದು ಚಿಟಿಕೆ ಸಕ್ಕರೆ ಹಾಕಿ ಮುಚ್ಚಳ ಮುಚ್ಚೋದು. ಅದು ಗೊತ್ತಿರೋದು ಇಬ್ಬರಿಗೇ. ನನಗೆ, ನನಗೆ ಕಲಿಸಿದವರಿಗೆ. ಇನ್ನೂ ಸುಮ್ಮನಿರಬೇಕಾ ಅಕ್ಕ?"

ಸಾಕು, ಹೇಳು ಅಂದಳು ಮೈಕಣ್ಣನ ಹೆಂಡತಿ. ಆಮೇಲೆ ತಾನೇ ಹೇಳಿದಳು. ಇವರು ಬೀದಿ ಮೂಸಲು ಹೋದಾಗ ಬಾಣಲೆ ಹೊತ್ತಿ ಉರಿಯಿತು. ಅದನ್ನು ಚೆಲ್ಲಿ ಹೊಸದಾಗಿ ಮಾಡಿದೆ. ಮದುವೆಗೆ ಮುಂಚೆ ಮೂರು ವರ್ಷ ಆ ಹೋಟೆಲಿನ ಒಲೆಯ ಮುಂದೆ ನಿಂತು ಅಣಬೆ ಹುರಿದವಳು ನಾನು, ಈ ತಮ್ಮ ಆಗ ನನ್ನ ಪಕ್ಕದಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಂದಳು.

ಪಾತ್ರೆ ತೊಳೆಯುತ್ತಿದ್ದವಳಲ್ಲವೆ ಅಂತ ಮೈಕಣ್ಣ ತೊದಲಿದ.

"ನೀವು ನನ್ನ ಮೊದಲು ನೋಡಿದ ದಿನ ನನ್ನ ಕೈ ಒದ್ದೆ ಇತ್ತು. ಅಷ್ಟರಿಂದ ಭಾಷಣ ಕಟ್ಟಿಬಿಟ್ರಿ" ಅಂದಳು ಹೆಂಡತಿ. "ಎಲ್ಲರಿಗೂ ಕೇಳ್ತೀರಿ, ಏನು ಕೆಲಸ, ಎಷ್ಟು ಹೊತ್ತು, ಕೂರೋದಕ್ಕೆ ಬಿಡ್ತಾರಾ ಅಂತ. ನನ್ನ ಕೇಳಲಿಲ್ಲ. ಅಣಬೆ ನನಗೆ ಯಾಕೆ ಬೇಕಿತ್ತು? ಮೂರು ವರ್ಷ ಹುರಿದು ಹುರಿದು ಅದರ ವಾಸನೆಗೇ ಹೊಟ್ಟೆ ತುಂಬಿಹೋಗಿತ್ತು. ನೀವು ಕೂರಿಸ್ತೀನಿ ಅಂದಿದ್ರಿ. ಮುಂದಿನ ಹಾಲಿನಲ್ಲಿ, ಕಿಟಕಿ ಪಕ್ಕ. ಬಾಗಿಲ ಸಂದಿಯಿಂದ ನೋಡಿದ್ದೆ ಆ ಮೇಜನ್ನ, ಒಂದಿನಾನೂ ಕೂತಿರಲಿಲ್ಲ. ಇವತ್ತು ಬಾಕಿ ತೀರಿಸ್ತೀನಿ ಅಂತ ಕೂತವರು ಯಾರು, ನಿಂತು ಬಡಿಸಿದವರು ಯಾರು?"

ದರ್ಜಿ ಅಕ್ಕ ಮುಚ್ಚಿದ್ದ ಪುಸ್ತಕವನ್ನು ಮತ್ತೆ ತೆರೆದಳು. ಅತ್ತಿಗೆ, ನಿಮ್ಮ ಬೇಡಿಕೆ ಹೇಳಿ, ದಾಖಲಾಗಲಿ ಅಂದಳು.

ಹೆಂಡತಿ ಅಡಿಗೆಮನೆಯಿಂದ ಹೊರಗೆ ಬಂದಳು. ಮೈಕಣ್ಣ ಪತ್ರಿಕೆ ಓದುವ ಕುರ್ಚಿಯನ್ನು ಎಳೆದು ಕಿಟಕಿ ಪಕ್ಕಕ್ಕೆ ಹಾಕಿದಳು. ಬೆಳಿಗ್ಗೆಯಿಂದ ಮುಚ್ಚಿದ್ದ ಕಿಟಕಿ ತೆರೆದಳು. ಸ್ಟೂಲಿನ ಮೇಲೆ ಒಂದು ತಟ್ಟೆ ಇಟ್ಟು, ಸೆರಗು ಸರಿಮಾಡಿಕೊಂಡು, ಕಾಲು ಚಾಚಿ ಕೂತಳು. ಆಮೇಲೆ ಚಮಚ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ತಟ್ಟೆಯ ಅಂಚಿಗೆ ಒಂದು ಸಲ ತಟ್ಟಿದಳು.

ಟಣ್.

ದರ್ಜಿ ಅಕ್ಕನೂ ತಟ್ಟಿದಳು. ಅಡಿಗೆಯವನು ತಟ್ಟಿದ. ಏಳು ತಟ್ಟೆ, ಅದರ ಮೇಲೆ ಇನ್ನೊಂದು. ಯಾರೂ ಒಂದು ಮಾತು ಆಡಲಿಲ್ಲ. ಮೈಕಣ್ಣ ಅಡಿಗೆಮನೆಗೆ ಓಡಿದ. ಒಲೆಯ ತಿರುಪನ್ನು ಒತ್ತಿ ಹಿಡಿದ, ಬಲಗಡೆಯದನ್ನು. ಬಿಟ್ಟ. ಎಡಗಡೆಯದನ್ನು ಹಿಡಿದ. ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿದ. ಉಪ್ಪಿಗೆ ವಾಸನೆ ಇರುವುದಿಲ್ಲ ಅಂತ ಅವನಿಗೆ ಗೊತ್ತಾದದ್ದು ಆರನೆಯ ಡಬ್ಬಿಯ ಹೊತ್ತಿಗೆ. ಸಂಜೆಯಾಯಿತು. ಹಿಂದಿನಿಂದ ಆ ಸದ್ದು ನಿಂತಿಲ್ಲ, ಬಾಕಿಯೂ ತೀರಿಲ್ಲ.

ಅವನದು ಅವನು ನೋಡಿಕೊಳ್ಳಲಿ. ಇಷ್ಟು ಹೊತ್ತು ಕುರ್ಚಿಯಲ್ಲಿ ಆರಾಮಾಗಿ ಕೂತು ಓದಿ ನಕ್ಕ ನೀವು, ಎದ್ದು ಹೋಗಿ ನೋಡದೆ, ಒಳಗಿರುವವರನ್ನು ಕೂಗಿ ಕೇಳದೆ, ನಿಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಹೇಳಿ. ಗೊತ್ತಿಲ್ಲದಿದ್ದರೆ ಆ ಕುರ್ಚಿ ಬಿಟ್ಟು ಏಳಿ.