ಲೊರೆಟ್ಟಾಳ ಒದ್ದೆ ದಿಂಬು

ರಾತ್ರಿಯ ಮಳೆಗೆ ಲೊರೆಟ್ಟಾಳ ದಿಂಬು ಮತ್ತೆ ಒದ್ದೆಯಾಗಿತ್ತು. ಅವರು ವಾಸವಿದ್ದ ಚಕ್ರದ ಮನೆಬಂಡಿಯ ಮಲಗುವ ಕೋಣೆ ಮೇಜಿನ ಖಾನೆಯಂತೆ ಹೊರಕ್ಕೆ ಚಾಚಿಕೊಳ್ಳುತ್ತಿತ್ತು. ಅದರ ನೆತ್ತಿಗೆ ಹೊದಿಸುವ ಸುರುಳಿಬಟ್ಟೆ ಹರಿದು ಬಹಳ ಕಾಲವಾಗಿತ್ತು. "ಈ ಡಬ್ಬಾ ಮಾರಿ ಮನೆ ಹಿಡಿಯೋಣ" ಎಂದು ಆಕೆ ಅಂದಾಗಲೆಲ್ಲ ಗಂಡ ಆರ್ವಿಲ್ "ನಾಳೆ ಹೊಸ ಬಟ್ಟೆ ಹಾಕ್ತೀನಿ" ಎನ್ನುತ್ತಿದ್ದ. ಈ ಸಲ ಅವಳು ತುಟಿಪಿಟಕ್ಕೆನ್ನದೆ ಪೇಟೆಗೆ ಹೊರಟುಹೋದಳು. ಆರ್ವಿಲ್‌ಗೆ ಇದು ಯಾಕೋ ಸರಿಯಿಲ್ಲ ಅನ್ನಿಸಿತು. ಊರೂರು ಅಲೆಯುವ ಆ ಬಂಡಿಯೇ ಅವನ ಪ್ರಾಣ. ಕೂಡಲೇ ಏಣಿಯನ್ನೂ, ಎಂದೋ ಕೊಂಡಿಟ್ಟಿದ್ದ ಹೊಸ ಬಟ್ಟೆಯನ್ನೂ ತಂದ.

ನಿವೃತ್ತರ ಬಂಡಿಗಳು ತಂಗುವ ಅರಿಜೋನಾದ ಆ ಬಿಡಾರದಲ್ಲಿ ಯಾರೇ ಏಣಿ ಹತ್ತಲಿ, ಉಳಿದವರು ಮಡಚುಕುರ್ಚಿ ತಂದು ಸುತ್ತ ಕೂರುವುದು ವಾಡಿಕೆ.

"ಸುರುಳಿಯೊಳಗೆ ಸ್ಪ್ರಿಂಗ್ ಇದೆ ಕಣಯ್ಯಾ, ಮೊದ್ಲು ಪಿನ್ನು ಚುಚ್ಚು," ಎಂದ ಪಕ್ಕದ ಬಂಡಿಯ ಮರ್ಲ್.

"ನಂಗೊತ್ತು!" ಎಂದವನೇ ಆರ್ವಿಲ್ ಸ್ಕ್ರೂ ಬಿಚ್ಚಿದ. ಸುರುಳಿ ಗಿರ್ರನೆ ತಿರುಗಿತು. ಹಳೆಯ ಬಟ್ಟೆ ಅವನ ಕೆನ್ನೆಗೆ ರಪ್ಪನೆ ಬಾರಿಸಿತು. ಕನ್ನಡಕ ಹಾರಿ ಎದುರಿನ ಡಾಟ್ ಅಜ್ಜಿಯ ಕಾಫಿಯೊಳಗೆ ಬಿತ್ತು.

"ಈಗ ನಂಗೂ ಗೊತ್ತಾಯ್ತು," ಎಂದು ಅಜ್ಜಿ ಕನ್ನಡಕ ಎತ್ತಿ ಕೊಡವಿದಳು.

ಹೊಸ ಬಟ್ಟೆಯನ್ನು ಆರ್ವಿಲ್ ಮೊದಲು ತಲೆಕೆಳಗಾಗಿ ಹಾಕಿದ. ಮರ್ಲ್ ಬಿಚ್ಚಿಸಿದ. ಎರಡನೇ ಸಲ ಸೊಟ್ಟಗಾಯಿತು. ಮತ್ತೆ ಬಿಚ್ಚಿಸಿದ.

"ಇನ್ನೊಂದು ಸುತ್ತು ಬಿಗಿ ಮಾಡು. ಅಂಟು ಧಾರಾಳವಾಗಿ ಸುರಿ, ಜಿಪುಣತನ ಬೇಡ."

"ನಿಂಗ್ಯಾಕಯ್ಯಾ ಇಷ್ಟು ಉಸಾಬರಿ?"

"ಒದ್ದೆ ಹಾಸಿಗೆ ಯಾರಿಗೆ ಬೇಕು, ಹೇಳು!"

ಹೊತ್ತು ಇಳಿಯುವಷ್ಟರಲ್ಲಿ ಕೆಲಸ ಮುಗಿಯಿತು. ಮರ್ಲ್ ಮೇಲಿನಿಂದ ಕೊಳವೆ ನೀರು ಬಿಟ್ಟ. ಆರ್ವಿಲ್ ಒಳಗೆ ಮಂಚದ ಮೇಲೆ ಬಾಯಿ ತೆರೆದು ಮಲಗಿದ. ಒಂದು ಹನಿಯೂ ಬೀಳಲಿಲ್ಲ! ವಸಂತಕ್ಕೆ ಮೊಂಟಾನಾ ಕಡೆ ಬಂಡಿ ತಿರುಗಿಸುವುದೆಂದು ಅಲ್ಲೇ ನಿಶ್ಚಯಿಸಿದ.

ಲೊರೆಟ್ಟಾ ಬಂದು ಹೊಸ ಬಟ್ಟೆ ಕಂಡಳು, ದಿಂಬು ಮುಟ್ಟಿ ನೋಡಿದಳು; ಒಣಗಿತ್ತು. ಅವಳ ಮುಖ ಬಾಡಿತು.

"ಅಯ್ಯೋ, ನಿಜವಾಗ್ಲೂ ಹಾಕ್ಬಿಟ್ಯಾ? ನಿನ್ನೆ ಹಾಕೋಕೇನಾಗಿತ್ತು?"

"ಯಾಕೆ?"

"ಬೆಳಿಗ್ಗೆ ಬಂಡಿ ಮಾರ್ಬಿಟ್ಟೆ ಕಣೋ. ಸಂಜೆ ನಾನೇ ಹೇಳೋವರೆಗೂ ಬಾಯಿ ಬಿಡ್ಬೇಡ ಅಂದಿದ್ದೆ ಅವನಿಗೆ. ನೀನು ಎಂದೂ ಏಣಿ ಹತ್ತಲ್ಲ ಅಂದ್ಕೊಂಡಿದ್ದೆ."

ಅವಳ ಕಣ್ಣು ತುಂಬಿತು. ಕಳೆದ ಚಳಿಗಾಲದಿಂದ ತಾನು ಹೇಳಿದ ನಾಳೆಗಳೆಲ್ಲ ಆರ್ವಿಲ್‌ನ ಕಣ್ಣೆದುರು ಸಾಲಾಗಿ ನಿಂತವು.

"ಅವನಿಗೆ ಅಂದ್ರೆ ಯಾರಿಗೆ?" ಎಂದ ಕೊನೆಗೆ.

ಹೊರಗಿನಿಂದ ಅವರ ಬಂಡಿಯ ಗೋಡೆಗೆ ಏಣಿ ತಾಗಿದ ಸದ್ದಾಯಿತು.

"ಆರ್ವಿಲ್," ಮರ್ಲ್ ಕೂಗಿದ, "ಸ್ವಲ್ಪ ಬಂದು ಏಣಿ ಹಿಡ್ಕೊಳ್ಳೋ ಮಾರಾಯ. ನನ್ನ ಹೊಸ ಬಂಡೀದು ಈ ಮೂಲೆ ಇನ್ನೂ ಸಡಿಲ ಇದೆ."